ತಾಯಿಮರದ ಅರ್ಧ ಲೆಕ್ಕ

ಹಾಲ್ಕುರಿಕೆ ಕಡೆ ತೆಂಗಿನ ಸಸಿ ಇಡುವವರು ಮೊದಲು ತಾಯಿಮರ ನೋಡುತ್ತಾರೆ. ನಡುವಯಸ್ಸಿನದಾಗಿರಬೇಕು, ವರ್ಷವರ್ಷವೂ ತಪ್ಪದೆ ಕಾಯಿ ಕಟ್ಟಿರಬೇಕು, ಕೊಬ್ಬರಿ ದಪ್ಪವಿರಬೇಕು. ಹೀಗೆ ಅಳೆದು ಸುರಿದು ಆರಿಸಿದ ಬಿತ್ತನೆಕಾಯಿಯ ಮರ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಅದು ತಾಯಿಯಂತಿಲ್ಲ ಎಂದು ಎಷ್ಟೋ ಸಲ ಗೊತ್ತಾಗುವುದೂ ಆಗಲೇ. ಅದೇ ತೋಟದ ಬಾಳೆ ಹೀಗೆ ಕೈಕೊಡುವುದಿಲ್ಲ. ಕಂದು ಕಿತ್ತು ನೆಟ್ಟರೆ ತಾಯಿಯಂಥದೇ ಗೊನೆ.

ಬಾಳೆಯ ಕಂದು ಬೆಳೆಯುವುದು ಮೈಟಾಸಿಸ್‌ನಿಂದ. ಕೋಶ ತನ್ನ ವರ್ಣತಂತುಗಳನ್ನೆಲ್ಲ ನಕಲು ಮಾಡಿಕೊಂಡು ಎರಡಾಗುತ್ತದೆ. ಎರಡರಲ್ಲೂ ಮೊದಲಿನಷ್ಟೇ, ಮೊದಲಿನಂಥವೇ. ತೆಂಗಿನ ಸುಳಿ, ಬೇರು ಬೆಳೆಯುವುದೂ ಹೀಗೆಯೇ. ಹೊಂಬಾಳೆಯೊಳಗೆ ಪರಾಗ, ಅಂಡಗಳ ತಯಾರಿಗೆ ಮಾತ್ರ ಮಿಯಾಸಿಸ್ ನಡೆಯಬೇಕು. ತೆಂಗಿನ ಕೋಶದಲ್ಲಿ 32 ವರ್ಣತಂತು, ಅಂದರೆ 16 ಜೋಡಿ. ಇಲ್ಲೂ ನಕಲಾಗುವುದು ಒಂದೇ ಸಲ, ಆದರೆ ಕೋಶ ಒಡೆಯುವುದು ಎರಡು ಸಲ. ಮೊದಲ ಸಲ ಜೋಡಿಗಳು ಒತ್ತಿಕೊಂಡು ನಿಂತು, ತುಂಡುಗಳನ್ನು ಅದಲುಬದಲು ಮಾಡಿಕೊಂಡು ಅಗಲುತ್ತವೆ. ಎರಡನೆಯ ಸಲ ನಕಲುಗಳು ಬೇರೆಯಾಗುತ್ತವೆ. ಕೊನೆಗೆ ನಾಲ್ಕು ಕೋಶ, ಒಂದೊಂದರಲ್ಲೂ 16. ಪ್ರತಿ ಜೋಡಿಯಿಂದ ಯಾವುದು ಬಂತು ಎಂಬುದರಿಂದಲೇ 65,536 ಬಗೆ! ಅದಲುಬದಲನ್ನೂ ಸೇರಿಸಿದರೆ ಲೆಕ್ಕಕ್ಕೇ ಸಿಗದು.

ಮೈಟಾಸಿಸ್‌ಗೆ ಹೆಸರಿಟ್ಟವರು ಜರ್ಮನಿಯ ವಾಲ್ಟರ್ ಫ್ಲೆಮಿಂಗ್, 1882ರಲ್ಲಿ. ತಲೆಮಾರಿಗೊಮ್ಮೆ ವರ್ಣತಂತುಗಳು ದುಪ್ಪಟ್ಟಾಗದಿರಲು ಎಲ್ಲೋ ಒಂದು ಕಡೆ ಅರ್ಧವಾಗಲೇಬೇಕು ಎಂದು 1887ರಲ್ಲಿ ವಾದಿಸಿದವರು ಆಗಸ್ಟ್ ವೈಸ್‌ಮನ್. ಮಿಯಾಸಿಸ್ ಎಂಬ ಹೆಸರು ಬಂದದ್ದು 1905ರಲ್ಲಿ. ಹನ್ನೊಂದು ವರ್ಷದ ನಂತರ, 1916ರಲ್ಲಿ, ಮದ್ರಾಸ್ ಸರ್ಕಾರ ಆಗಿನ ದಕ್ಷಿಣ ಕನ್ನಡದ ಕಾಸರಗೋಡು, ನೀಲೇಶ್ವರಗಳಲ್ಲಿ ತೆಂಗಿನ ಸಂಶೋಧನೆ ಶುರುಮಾಡಿತು.

ತಿಪಟೂರು ಸೀಮೆಯ ಎತ್ತರದ ತಳಿಯಲ್ಲಿ ಒಂದು ಹೊಂಬಾಳೆಯ ಗಂಡು ಹೂಗಳು ಉದುರಿದ ಮೇಲೆ ಸಾಮಾನ್ಯವಾಗಿ ಅದರ ಹೆಣ್ಣು ಹೂ ಪಕ್ವವಾಗುತ್ತದೆ. ಹಾಗಾಗಿ ಪರಾಗ ಬೇರೆ ಮರದ್ದು. ಗಾಳಿಯೋ ಜೇನೋ ತಂದದ್ದು. ರೈತರು ಆರಿಸಿದ್ದು ತಾಯಿಯನ್ನು ಮಾತ್ರ, ತಂದೆ ಪಕ್ಕದ ತೋಟದವನಿರಬಹುದು. ನೀಲೇಶ್ವರದಲ್ಲಿ 1932ರಲ್ಲಿ ಜೆ.ಎಸ್. ಪಟೇಲ್ ತಂದೆಯನ್ನೂ ಆರಿಸಿದರು: ಎತ್ತರದ ಮರದ ಹೆಣ್ಣು ಹೂವಿಗೆ ಗಿಡ್ಡ ತಳಿಯ ಪರಾಗ. ಹೈಬ್ರಿಡ್ ಸಸಿ ಬೇಗ ಫಲಕ್ಕೆ ಬಂತು. ಆದರೆ ಆ ಹೈಬ್ರಿಡ್ ಮರದ ಕಾಯನ್ನೇ ಬಿತ್ತನೆಗಿಟ್ಟರೆ ಮತ್ತೆ ಮಿಯಾಸಿಸ್, ಮತ್ತೆ ಕಲಸುಮೇಲೋಗರ.

ಹಾಗೆಂದು ಬಾಳೆಯೇ ಜಾಣ ಎನ್ನುವಂತಿಲ್ಲ. ನಂಜನಗೂಡು ರಸಬಾಳೆಯಲ್ಲಿ ವರ್ಣತಂತುಗಳ ಮೂರು ಕಂತೆ, ಒಟ್ಟು 33. ಮೂರು ಸರಿಯಾಗಿ ಜೋಡಿಯಾಗದೆ ಮಿಯಾಸಿಸ್ ಕೆಡುತ್ತದೆ, ಬೀಜವಿಲ್ಲ. ಕಂದಿನಿಂದ ಕಂದಿಗೆ ಒಂದೇ ಗಿಡ ಮುಂದುವರಿದದ್ದರಿಂದ ಪನಾಮಾ ಸೊರಗು ರೋಗ ಬಂದಾಗ ತಡೆದು ನಿಲ್ಲುವ ಅಣ್ಣತಮ್ಮಂದಿರು ಅದಕ್ಕಿರಲಿಲ್ಲ.

ತೆಂಗಿಗೆ ಅಂಥವರು ಬೇಕಾದಷ್ಟಿದ್ದಾರೆ. ಕಂದು ಮಾತ್ರ ಇಲ್ಲ. ತೋಟದ ಅತ್ಯುತ್ತಮ ಮರಕ್ಕೆ ಸಿಡಿಲು ಬಡಿದರೆ ಅದರ ನಕಲು ಯಾವ ನರ್ಸರಿಯಲ್ಲೂ ಸಿಗುವುದಿಲ್ಲ. ಪ್ರಯೋಗಾಲಯದ ಅಂಗಾಂಶ ಕೃಷಿಗೂ ತೆಂಗು ಸುಲಭಕ್ಕೆ ಒಲಿದಿಲ್ಲ.