ಹಸಿವು ಎಲ್ಲಿ ಹುಟ್ಟುತ್ತದೆ?

ಮದುವೆಯ ಊಟದಲ್ಲಿ ದಪ್ಪಗಿನ ವ್ಯಕ್ತಿಯೊಬ್ಬ ಎರಡನೇ ಸಲ ಬಿರಿಯಾನಿ ಬಡಿಸಿಕೊಂಡರೆ ಪಕ್ಕದವರು ಮುಸಿಮುಸಿ ನಗುತ್ತಾರೆ. ತೆಳ್ಳಗಿನವನು ಅದನ್ನೇ ಮಾಡಿದರೆ ‘ಪಾಪ, ಹಸಿದಿದ್ದಾನೆ’ ಎನ್ನುತ್ತಾರೆ. ಹೊಟ್ಟೆಬಾಕ, ತಿಂಡಿಪೋತ ಎಂದು ಹೆಸರಿಡಲು ನಮ್ಮ ಭಾಷೆಯಲ್ಲಿ ಪದಗಳಿಗೇನೂ ಬರವಿಲ್ಲ. ಈ ಪದಗಳ ಹಿಂದೆ ಒಂದು ನಂಬಿಕೆಯಿದೆ. ಹಸಿವು ಪೂರ್ತಿಯಾಗಿ ಮನಸ್ಸಿನ ಹತೋಟಿಯಲ್ಲಿದೆ, ಹೆಚ್ಚು ತಿನ್ನುವವನು ಮನೋಬಲ ಇಲ್ಲದವನು ಎಂಬುದೇ ಆ ನಂಬಿಕೆ. ಕಳೆದ ನೂರು ವರ್ಷಗಳ ಸಂಶೋಧನೆ ಇದನ್ನು ಹಂತಹಂತವಾಗಿ ಅಲುಗಾಡಿಸಿದೆ. ಆ ಇತಿಹಾಸವನ್ನು ನಾವು ತಿಳಿದುಕೊಳ್ಳಬೇಕಾಗಿದೆ.

ಹಸಿವು ಹುಟ್ಟುವುದು ಹೊಟ್ಟೆಯಲ್ಲಿ ಎಂದೇ ಜನ ಬಹುಕಾಲ ತಿಳಿದಿದ್ದರು. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದನ್ನು ಪರೀಕ್ಷೆಗೆ ಒಡ್ಡಿದರು. ಅವರ ಸಂಗಡಿಗ ವಾಶ್‌ಬರ್ನ್ ನಳಿಕೆ ಕಟ್ಟಿದ ಒಂದು ಪುಟ್ಟ ಬಲೂನನ್ನು ನುಂಗಿ ಕುಳಿತರು. ಜಠರ ಹಿಂಡಿದಾಗಲೆಲ್ಲ ಬಲೂನು ಅದುಮಿ, ಆ ಚಲನೆ ಹೊರಗಿನ ಕಾಗದದ ಮೇಲೆ ದಾಖಲಾಗುತ್ತಿತ್ತು. ವಾಶ್‌ಬರ್ನ್‌ಗೆ ಹಸಿವಿನ ಸಂಕಟ ತಿಳಿದ ಹೊತ್ತಿಗೂ ಜಠರ ಸಂಕೋಚಿಸಿದ ಹೊತ್ತಿಗೂ ತಾಳೆಯಾಯಿತು. 1912ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಪ್ರಶ್ನೆಗೆ ಉತ್ತರ ಸಿಕ್ಕಿತೆಂದೇ ಅನೇಕರು ಭಾವಿಸಿದರು. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ತೆಗೆಸಿಕೊಂಡ ರೋಗಿಗಳಿಗೂ ಹಸಿವಾಗುತ್ತಿತ್ತು! ಹಾಗಾದರೆ ಹಸಿವಿನ ಯಜಮಾನ ಬೇರೆಲ್ಲೋ ಇರಬೇಕಾಯಿತು.

ಹುಡುಕಾಟ ಮೆದುಳಿನತ್ತ ತಿರುಗಿತು. ಮೆದುಳಿನ ಬುಡದಲ್ಲಿ ಹೈಪೋಥಲಮಸ್ ಎಂಬ ಒಂದು ಪುಟ್ಟ ಭಾಗವಿದೆ. 1940ರಲ್ಲಿ ಹೆದರಿಂಗ್ಟನ್ ಮತ್ತು ರ್‍ಯಾನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಈ ಭಾಗಕ್ಕೆ ಗಾಯ ಮಾಡಿದಾಗ ಅವು ವಿಪರೀತವಾಗಿ ಕೊಬ್ಬಿದವು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಅವರೊಂದಿಗೆ ದುಡಿಯುತ್ತಿದ್ದ ಭಾರತೀಯ ವಿಜ್ಞಾನಿ ಬಾಲಕೃಷ್ಣ ಆನಂದ್ ಇದಕ್ಕೆ ತದ್ವಿರುದ್ಧವಾದುದನ್ನು ಕಂಡರು. ಹೈಪೋಥಲಮಸ್‌ನ ಎರಡು ಪಕ್ಕಗಳಿಗೆ ಗಾಯವಾದ ಇಲಿಗಳು ಎದುರಿಗೆ ಆಹಾರವಿದ್ದರೂ ಮುಟ್ಟದೆ ಉಪವಾಸ ಬಿದ್ದು ಸತ್ತವು. ಉಣ್ಣು ಎನ್ನುವ, ಸಾಕು ಎನ್ನುವ ಅಪ್ಪಣೆಗಳೆರಡೂ ಮೆದುಳಿನಿಂದಲೇ ಹೊರಡುತ್ತವೆಂದು ಇದರಿಂದ ತಿಳಿಯಿತು. ಆನಂದ್ ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗವನ್ನು ಕಟ್ಟಿದರು. ಹಸಿವಿನ ಕೇಂದ್ರವನ್ನು ಗುರುತಿಸಿದವರಲ್ಲಿ ನಮ್ಮ ದೇಶದವರೊಬ್ಬರಿದ್ದರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ದೇಹದಲ್ಲಿ ಎಷ್ಟು ಕೊಬ್ಬು ಕೂಡಿಟ್ಟಿದೆಯೆಂಬ ಲೆಕ್ಕ ತಲೆಬುರುಡೆಯೊಳಗಿರುವ ಮೆದುಳಿಗೆ ಹೇಗೆ ತಿಳಿಯುತ್ತದೆ? ಉತ್ತರ ದೊರೆತದ್ದು ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಜಾಕ್ಸನ್ ಪ್ರಯೋಗಾಲಯದ ಇಲಿಗಳಿಂದ. ಹುಟ್ಟಿನಿಂದಲೇ ಅತಿಯಾಗಿ ತಿಂದು ಉಬ್ಬುವ ಎರಡು ತಳಿಯ ಇಲಿಗಳು ಅಲ್ಲಿದ್ದವು. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳನ್ನು ಅಕ್ಕಪಕ್ಕ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಮೊದಲ ತಳಿಯ ಇಲಿಯೊಂದಿಗೆ ಜೋಡಿಸಿದ ಸಾಮಾನ್ಯ ಇಲಿ ತಿನ್ನುವುದನ್ನೇ ಬಿಟ್ಟು ಸತ್ತಿತು. ಎರಡನೇ ತಳಿಯ ಇಲಿಯನ್ನು ಜೋಡಿಸಿದಾಗಲೂ ಹಾಗೆಯೇ ಆಯಿತು. ಮೊದಲ ತಳಿಯ ರಕ್ತದಲ್ಲಿ ‘ಸಾಕು’ ಎನ್ನುವ ವಸ್ತು ಧಾರಾಳವಾಗಿದೆ, ಆದರೆ ಆ ಮಾತನ್ನು ಕೇಳಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಎರಡನೆಯದಕ್ಕೆ ಕೇಳುವ ಶಕ್ತಿಯಿದೆ, ವಸ್ತುವೇ ಇಲ್ಲ. 1973ರ ಹೊತ್ತಿಗೆ ಕೋಲ್ಮನ್ ತಲುಪಿದ ತೀರ್ಮಾನವಿದು. ಸ್ಥೂಲಕಾಯವೆಂದರೆ ಬರೀ ನಡತೆಯ ದೋಷವೆಂದು ನಂಬಿದ್ದ ಅನೇಕರು ಇದನ್ನು ಒಪ್ಪಲಿಲ್ಲ.

ಇಪ್ಪತ್ತು ವರ್ಷಗಳ ಬಳಿಕ, 1994ರಲ್ಲಿ, ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಆ ವಸ್ತುವಿನ ವಂಶವಾಹಿಯನ್ನು ಪತ್ತೆ ಹಚ್ಚಿದರು. ತೆಳು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು. ಈ ಹಾರ್ಮೋನು ತಯಾರಾಗುವುದು ಬೇರೆಲ್ಲೂ ಅಲ್ಲ, ನಾವು ಹೀಗಳೆಯುವ ಕೊಬ್ಬಿನಲ್ಲಿಯೇ! ಕಣಜದಲ್ಲಿ ದಾಸ್ತಾನು ಎಷ್ಟಿದೆಯೆಂದು ಕೊಬ್ಬು ಮೆದುಳಿಗೆ ಕಳಿಸುವ ವರದಿಯೇ ಲೆಪ್ಟಿನ್.

ಈ ವರದಿ ನಿಂತುಹೋದರೆ ಮನುಷ್ಯನ ಗತಿಯೇನು? ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯ ಸ್ಟೀಫನ್ ಓ’ರಹಿಲಿ, ಸದಫ್ ಫಾರೂಕಿ ಮತ್ತು ಸಂಗಡಿಗರು 1997ರಲ್ಲಿ ಪಾಕಿಸ್ತಾನಿ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳ ಬಗ್ಗೆ ವರದಿ ಮಾಡಿದರು. 8 ವರ್ಷದ ಬಾಲಕಿ 86 ಕಿಲೋ ತೂಗುತ್ತಿದ್ದಳು. ಆಕೆಯ ಬಂಧುವಾದ 2 ವರ್ಷದ ಮಗು 29 ಕಿಲೋ ತೂಗುತ್ತಿತ್ತು. ಎಷ್ಟು ಉಂಡರೂ ಅವರ ಹಸಿವು ಇಂಗುತ್ತಿರಲಿಲ್ಲ. ಪರೀಕ್ಷಿಸಿದಾಗ ಅವರ ರಕ್ತದಲ್ಲಿ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಬಾಲಕಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಹತೋಟಿಗೆ ಬಂತು. ಒಂದೇ ವರ್ಷದಲ್ಲಿ ಆಕೆಯ ತೂಕ 16 ಕಿಲೋಗಳಷ್ಟು ಇಳಿಯಿತು. ಯಾವ ಗದರಿಕೆಯೂ ಯಾವ ಉಪದೇಶವೂ ಮಾಡಲಾಗದ್ದನ್ನು ಕೊರತೆಯಾಗಿದ್ದ ಒಂದು ಹಾರ್ಮೋನು ಮಾಡಿತು.

ಇಂತಹ ಕೊರತೆ ತೀರಾ ಅಪರೂಪ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದರೆ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಹತ್ತಿರದ ಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಮುಸ್ಲಿಮರಲ್ಲಿ ಮಾತ್ರವಲ್ಲ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಕರ್ನಾಟಕದ ಇತರ ಅನೇಕ ಸಮುದಾಯಗಳಲ್ಲೂ ಈ ತಿಳಿವಳಿಕೆ ಅಗತ್ಯ.

ಲೆಪ್ಟಿನ್ ಕೊಟ್ಟರೆ ಎಲ್ಲರೂ ತೆಳ್ಳಗಾಗುವರೆಂಬ ಆಸೆಯೂ ಹುಟ್ಟಿತ್ತು. ಅದು ಫಲಿಸಲಿಲ್ಲ. ದಪ್ಪಗಿನವರಲ್ಲಿ ಹೆಚ್ಚಿನವರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಅಧಿಕವಾಗಿರುತ್ತದೆ. ಕೋಲ್ಮನ್‌ರ ಮೊದಲ ತಳಿಯಂತೆಯೇ, ವರದಿ ಬರುತ್ತಿದ್ದರೂ ಅವರ ಮೆದುಳು ಅದಕ್ಕೆ ಸರಿಯಾಗಿ ಕಿವಿಗೊಡುವುದಿಲ್ಲ. ಆದರೆ ತೂಕ ಇಳಿದೊಡನೆ ಲೆಪ್ಟಿನ್ ಕುಸಿಯುತ್ತದೆ. ಆಗ ಮೆದುಳು ಬರಗಾಲ ಬಂತೆಂದು ತಿಳಿದು ಹಸಿವನ್ನು ಕೆರಳಿಸುತ್ತದೆ. 1944-45ರಲ್ಲಿ ಮಿನ್ನೆಸೋಟದಲ್ಲಿ ಏನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟಿದ್ದರು. ಅವರು ಊಟದ ಬಗ್ಗೆಯೇ ಕನಸು ಕಂಡರು, ಅಡುಗೆ ಪುಸ್ತಕಗಳನ್ನು ಓದತೊಡಗಿದರು. ಊಟಕ್ಕೆ ಅಡ್ಡಿ ತೆಗೆದ ಮೇಲೆ ಹೊಟ್ಟೆ ಬಿರಿಯುವಷ್ಟು ತಿಂದರೂ ಕೆಲವರಿಗೆ ತೃಪ್ತಿಯಾಗಲಿಲ್ಲ. ಅವರು ಹುಟ್ಟು ಹೊಟ್ಟೆಬಾಕರಾಗಿರಲಿಲ್ಲ. ಬರಗಾಲಗಳನ್ನು ದಾಟಿ ಬಂದ ಮನುಷ್ಯನ ದೇಹ ತನ್ನನ್ನು ಕಾಪಾಡಿಕೊಳ್ಳುತ್ತಿತ್ತು, ಅಷ್ಟೇ.

ಹೊಟ್ಟೆಯ ಪಾತ್ರವೂ ಸುಳ್ಳಲ್ಲವೆಂದು ಆಮೇಲೆ ತಿಳಿಯಿತು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಊಟಕ್ಕೆ ಮುಂಚೆ ಅದು ರಕ್ತದಲ್ಲಿ ಏರಿ ಮೆದುಳಿನಲ್ಲಿ ಹಸಿವನ್ನು ಎಬ್ಬಿಸುತ್ತದೆ, ಉಂಡ ಮೇಲೆ ಇಳಿಯುತ್ತದೆ. ಅದು ದಿನನಿತ್ಯದ ಊಟದ ವೇಳೆಯನ್ನೂ ಅನುಸರಿಸುತ್ತದೆ. ಉಣ್ಣದಿದ್ದರೂ ಆ ವೇಳೆ ಕಳೆದ ಮೇಲೆ ತಗ್ಗುತ್ತದೆ. ಮಧ್ಯಾಹ್ನ ಕಾಡಿದ ಹಸಿವು ಸಂಜೆಯ ಮುನ್ನ ಒಮ್ಮೆ ತಣ್ಣಗಾಗುವುದು ರಂಝಾನಿನ ಉಪವಾಸಿಗರಲ್ಲಿ ಅನೇಕರ ಅನುಭವ. ಇನ್ನು ಕರುಳಿನಿಂದ ಹೊರಡುವ ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ‘ಸಾಕು’ ಎನ್ನುವ ಬಣದವು. ಆ ಹಾರ್ಮೋನಿನಂತೆಯೇ ಕೆಲಸ ಮಾಡುವ ಸೆಮಗ್ಲುಟೈಡ್ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಒಪ್ಪಿಗೆ ಸಿಕ್ಕಿತು. ಅದನ್ನು ಪಡೆದ ಅನೇಕರಲ್ಲಿ ಊಟದ ಹಂಬಲವೇ ಕುಗ್ಗಿತು. ನಿಲ್ಲಿಸಿದಾಗ ಹಸಿವಿನೊಂದಿಗೆ ತೂಕವೂ ಬಹಳ ಮಟ್ಟಿಗೆ ಮರಳಿತು. ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವ ಮದ್ದಂತೂ ಇದಲ್ಲ.

ಹಾಗಾದರೆ ಸಂಯಮಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಹೊಟ್ಟೆಯನ್ನು ಪೂರ್ತಿ ತುಂಬಿಸದೆ ಏಳಬೇಕೆಂಬ ಪ್ರವಾದಿಯವರ ಬೋಧನೆ ಈ ವಿಜ್ಞಾನಕ್ಕೆ ವಿರುದ್ಧವಾದುದಲ್ಲ. ಕರುಳಿನ ಸಂದೇಶ ಮೆದುಳಿಗೆ ತಲುಪಲು ಸ್ವಲ್ಪ ಹೊತ್ತು ಬೇಕು. ಖರ್ಜೂರ, ನೀರಿನಿಂದ ಉಪವಾಸ ತೊರೆದು, ಮಗ್ರಿಬ್ ನಮಾಝ್ ಮುಗಿಸಿ ಊಟಕ್ಕೆ ಕೂರುವವನಿಗೆ ಆ ಹೊತ್ತು ಸಿಗುತ್ತದೆ. ಕರಿದ ತಿಂಡಿಗಳ ಗುಡ್ಡೆಯ ಮುಂದೆ ಬಾಂಗ್‌ಗಾಗಿ ಕಾಯುವವನಿಗೆ ಸಿಗುವುದಿಲ್ಲ. ಏನನ್ನು, ಎಷ್ಟು ವೇಗವಾಗಿ ತಿನ್ನಬೇಕೆಂಬ ಆಯ್ಕೆ ಬಹಳಷ್ಟು ನಮ್ಮದೇ. ಹಸಿವು ಎಷ್ಟು ಬಲವಾಗಿ ಎದ್ದೇಳಬೇಕೆಂಬುದು ಮಾತ್ರ ನಮ್ಮ ಆಯ್ಕೆಯಲ್ಲ.

‘ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು’ ಎನ್ನುತ್ತದೆ ನಮ್ಮ ಗಾದೆ. ಎಷ್ಟು ಉಂಡರೂ ಹುಗ್ಗಿ ಮುಳ್ಳಾಗದ ದೇಹಗಳೂ ಇವೆ. ಸಂಯಮವನ್ನು ನಮ್ಮ ಮೇಲೆ ನಾವು ಹೇರಿಕೊಳ್ಳೋಣ. ಇನ್ನೊಬ್ಬರ ತಟ್ಟೆಯನ್ನು ನೋಡಿ ಅವರ ಗುಣವನ್ನು ಅಳೆಯುವುದನ್ನು ಬಿಡೋಣ. ಉಪವಾಸ ನಮಗೆ ಕಲಿಸಬೇಕಾದುದು ಹಸಿದವರ ಮೇಲಿನ ಅನುಕಂಪವನ್ನು. ಹಸಿವು ಇಂಗದವನೂ ಹಸಿದವನೇ ಅಲ್ಲವೇ?