ಮೋರ್ಯರ ಗುಡ್ಡದ ಗೋರಿಗಳು, ನಮ್ಮ ಸ್ಮಶಾನದ ಅರ್ಜಿಗಳು



ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ? ಹಂಪಿಗೆ ಹೋಗಿ ಕಲ್ಲಿನ ರಥದ ಮುಂದೆ ಸೆಲ್ಫಿ ತಗೊಂಡು ಬರೋರಿಗೆ ಇದೇನು ದೂರವಲ್ಲ. ಅಲ್ಲಿ ಸುಮಾರು 400 ಶಿಲಾ ಸಮಾಧಿಗಳಿವೆ. ವಿಜಯನಗರ ಹುಟ್ಟೋದಕ್ಕೆ ಸಾವಿರದೈನೂರು ವರ್ಷಕ್ಕೂ ಹಿಂದಿನವು. ಬಂಡೆ ಸೀಳಿ ತೆಗೆದ ಚಪ್ಪಡಿಗಳನ್ನ ನಾಲ್ಕೂ ಕಡೆ ನಿಲ್ಲಿಸಿ, ಮೇಲೊಂದು ಹೊದಿಸಿದ್ದಾರೆ. ಕೆಲವಕ್ಕೆ ಗುಂಡನೆಯ ಕಿಂಡಿ. ಕೆಲವು 9-10 ಅಡಿ ಎತ್ತರ, ಕೆಲವು ತೀರಾ ಗಿಡ್ಡ. ಸಾವಿನಲ್ಲೂ ದೊಡ್ಡೋರು ಸಣ್ಣೋರು ಅನ್ನೋದು ಆಗಲೇ ಇತ್ತು ಅಂತ ನನಗನ್ನಿಸುತ್ತೆ.

ಊರವರು ಇದನ್ನ ಮೋರ್ಯರ ಗುಡ್ಡ ಅಂತಾರೆ. ಮೋರ್ಯರು ಅಂದ್ರೆ ಕುಳ್ಳರಂತೆ, ಇವು ಅವರ ಮನೆಗಳಂತೆ. ಅಷ್ಟು ಭಾರದ ಕಲ್ಲು ಎತ್ತಿದ ಜನರನ್ನ ಕಥೆ ಕುಳ್ಳರನ್ನಾಗಿ ಮಾಡಿಬಿಟ್ಟಿತು ನೋಡಿ! 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಕಾಲಮಾನದ ಗೋರಿಗಳನ್ನ ಅಗೆದಾಗ ಸಿಕ್ಕಿದ್ದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ, ನಮ್ಮಂಥ ಮನುಷ್ಯರ ಮೂಳೆ. ಇವರು ನಮ್ಮ ಪೂರ್ವಜರೇ ಅಂತ ಕೆಲ ಗೆಳೆಯರು ಪೋಸ್ಟ್ ಹಾಕ್ತಾರೆ. ನನಗೆ ಆ ವಾದ ಬೇಡ. ಮೂಳೆ ಮೇಲೆ ಜಾತಿ ಬರೆದಿರಲ್ಲ.

ನನ್ನನ್ನ ಹಿಡಿದು ನಿಲ್ಲಿಸೋದು ಅಲ್ಲಿರೋ ಇನ್ನೊಂದು ಕಲ್ಲು. ಎತ್ತರದ ಬಂಡೆಯ ಮೇಲೆ ನಗಾರಿಯಂಥ ದೊಡ್ಡ ಗುಂಡು. ಬಡಿದರೆ ಸದ್ದು ದೂರದವರೆಗೆ ಕೇಳುತ್ತೆ. ಗೋರಿಗಳ ನಡುವೆ ನಗಾರಿ! ಊರಲ್ಲಿ ಯಾರೇ ಸತ್ತರೂ ಬಿಟ್ಟಿಯಾಗಿ ಹಲಗೆ ಬಡಿದವರು ನಾವು. ಹಲಗೆ ಬಡಿದವನು ಸತ್ತರೆ ಅವನಿಗೆ ಮೂರಡಿ ಆರಡಿ ಜಾಗ ಎಲ್ಲಿ?

ಹಿರೇಬೆಣಕಲ್ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ತಾಣ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಇಂಥ ತಾಣದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. 1958ರ ಕಾಯ್ದೆ, 2010ರ ತಿದ್ದುಪಡಿ. ಒಳ್ಳೇದೇ. ಇನ್ನೂ ಬಿಗಿಯಾಗಿ ಕಾಯಲಿ. ಹೆಸರೇ ಗೊತ್ತಿಲ್ಲದ ಹೆಣಕ್ಕೆ 100 ಮೀಟರ್ ಬಿಡಬಲ್ಲ ಸರ್ಕಾರ, ಹೆಸರು, ಆಧಾರ್, ರೇಷನ್ ಕಾರ್ಡ್ ಎಲ್ಲಾ ಇರೋ ಹೆಣಕ್ಕೆ ಹತ್ತು ಗುಂಟೆ ಹುಡುಕಲಾರದೇ?

ನಾನು ಕೆಲಸ ಮಾಡೋ ಕಚೇರಿಗೆ ಒಂದು ಅರ್ಜಿ ಕಾಯಂ ಬರುತ್ತೆ: 'ಪರಿಶಿಷ್ಟ ಜಾತಿಯವರ ಸ್ಮಶಾನಕ್ಕೆ ಜಾಗ ಮಂಜೂರು ಮಾಡುವ ಬಗ್ಗೆ'. ನಾನೇ ನಂಬರ್ ಹಾಕಿ ಮುಂದಿನ ಟೇಬಲ್‌ಗೆ ಕಳಿಸ್ತೀನಿ. ಸರ್ವೆ ಆಗಿಲ್ಲ, ಒತ್ತುವರಿ ಇದೆ, ಪಕ್ಕದ ಜಮೀನಿನವರ ತಕರಾರಿದೆ ಅಂತ ಬರೆಸಿಕೊಂಡು ವಾಪಸ್ ಬರುತ್ತೆ. ಅಷ್ಟರಲ್ಲಿ ಹೆಣ ಹಳ್ಳದ ದಂಡೆಗೆ ಹೋಗಿರುತ್ತೆ. ಮಳೆಗಾಲವಾದ್ರೆ ತೋಡಿದ ಗುಂಡಿ ತುಂಬಾ ನೀರು.

ನಿಮ್ಮೂರಿನ ನಮ್ಮವರ ಸ್ಮಶಾನಕ್ಕೆ ಪಹಣಿ ಇದ್ರೆ ಸರ್ವೆ ನಂಬರ್ ಸಮೇತ ಕಾಮೆಂಟಲ್ಲಿ ಹಾಕಿ. ಇಲ್ಲದಿದ್ರೆ ಊರ ಹೆಸರು ಬರೆದು 'ಇಲ್ಲ' ಅಂತ ಹಾಕಿ. ಪಟ್ಟಿ ಮಾಡೋಣ.