ಕೃಷ್ಣಾತೀರವೂ ವಿಧಾನಸಭೆಯೂ

ಬೀಳಗಿ ತಾಲೂಕಿನ ಗಲಗಲಿಯು ಕೃಷ್ಣೆಯ ದಂಡೆಯ ಮೇಲಿನ ಹಳೆಯ ಊರು. ಗಾಲವ ಋಷಿಗಳ ಹೆಸರಿನಿಂದಲೂ ಪಂಡಿತರ ಮನೆತನಗಳಿಂದಲೂ ಪ್ರಸಿದ್ಧವಾದದ್ದು. 1948ರ ವರೆಗೆ ಈ ಸೀಮೆಯು ಮೂರು ಆಳಿಕೆಗಳಲ್ಲಿ ಹಂಚಿಹೋಗಿತ್ತು. ಗಲಗಲಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದರೆ, ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದರು. ಒಂದೇ ನುಡಿಯನ್ನಾಡುವ ಒಕ್ಕಲಿಗರು ಮೂರು ಬೇರೆ ಬೇರೆ ಸರಕಾರಗಳಿಗೆ ಕಂದಾಯ ತೆರುತ್ತಿದ್ದರು.

1935ರ ಶಾಸನದ ಮೇರೆಗೆ 1937ರಲ್ಲಿ 175 ಸದಸ್ಯರ ಮುಂಬಯಿ ವಿಧಾನಸಭೆಯು ಏರ್ಪಟ್ಟಿತು. ಆದರೆ ಮತದ ಹಕ್ಕು ಆಸ್ತಿ, ತೆರಿಗೆ, ವಿದ್ಯೆಗಳನ್ನು ಅವಲಂಬಿಸಿದ್ದರಿಂದ ಬಹುಜನರು ಹೊರಗೆಯೇ ಉಳಿದರು. 1948ರ ಮಾರ್ಚ 8ರಂದು ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರು ಆ ಬಳಿಕ ಮುಂಬಯಿ ವಿಧಾನಸಭೆಗೆ ನಾಮನಿರ್ದೇಶಿತರಾದರು. 1952ರಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತ ದೊರೆಯಿತು. 1956ರ ನವೆಂಬರ 1ರಂದು ವಿಜಾಪುರ ಜಿಲ್ಲೆಯು ಮೈಸೂರು ರಾಜ್ಯವನ್ನು ಕೂಡಿತು.

ರಾಜ್ಯದ ಉಭಯ ಸದನಗಳಲ್ಲಿ ವಿಧಾನಸಭೆಯೇ ಪ್ರಬಲವಾದದ್ದು. ಅದು ಜನರಿಂದ ನೇರವಾಗಿ ಐದು ವರ್ಷಗಳಿಗೆ ಚುನಾಯಿತವಾಗುವದು. ಈಗ ಅದರ ಚುನಾಯಿತ ಸದಸ್ಯರು 224. ಮಂತ್ರಿಮಂಡಲವು ಈ ಸಭೆಗೆ ಮಾತ್ರ ಹೊಣೆಯಾಗಿರುವದು. ಇದರ ವಿಶ್ವಾಸ ತಪ್ಪಿದರೆ ಅಧಿಕಾರವೂ ತಪ್ಪುವದು. ಹಣಕಾಸಿನ ಮಸೂದೆಯು ಇಲ್ಲಿಯೇ ಮಂಡಿತವಾಗತಕ್ಕದ್ದು. ಪರಿಷತ್ತು ಅದನ್ನು 14 ದಿನ ಮಾತ್ರ ತಡೆಯಬಲ್ಲದು. ಇತರ ಮಸೂದೆಗಳನ್ನು ಪರಿಷತ್ತು ಮೊದಲು ಮೂರು ತಿಂಗಳು, ಸಭೆಯು ಮತ್ತೆ ಅಂಗೀಕರಿಸಿ ಕಳುಹಿದರೆ ಒಂದು ತಿಂಗಳು ತಡೆಯಬಹುದೇ ಹೊರತು ಕೆಡಿಸಲಾರದು. ಸಭಾಧ್ಯಕ್ಷರು ಎರಡೂ ಪಕ್ಷಗಳ ಮತಗಳು ಸಮವಾದಾಗ ಮಾತ್ರ ತಮ್ಮ ಮತವನ್ನು ಕೊಡುವರು.

ಈ ನಿಯಮಗಳ ಬಲವೆಷ್ಟೆಂಬುದು 1962ರಲ್ಲಿ ಈ ಸೀಮೆಯವರಿಗೆ ಪ್ರತ್ಯಕ್ಷವಾಯಿತು. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬಂದಿತಾದರೂ ಅದರ ಹಿರಿಯ ಮುಖಂಡರಾದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಸದಸ್ಯರಲ್ಲದವರೂ ಆರು ತಿಂಗಳ ವರೆಗೆ ಮಂತ್ರಿಯಾಗಿರಬಹುದೆಂದು ರಾಜ್ಯಾಂಗದ 164ನೆಯ ವಿಧಿಯು ಹೇಳುತ್ತದೆ. ಆದರೂ ಅವರು ಒಡನೆಯೇ ಪಟ್ಟವನ್ನೇರಲಿಲ್ಲ. ಮಾರ್ಚ 14ರಂದು ಹುನಗುಂದದ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಗಳಾದರು. ಅದೇ ತಾನೇ ಸಭಾಧ್ಯಕ್ಷ ಪೀಠದಿಂದ ಇಳಿದವರು ಅವರು. ಬಾಗಲಕೋಟೆಯ ಸ್ಥಾನವು ತೆರವಾಗಿ, ಅಲ್ಲಿಂದ ನಿಜಲಿಂಗಪ್ಪನವರು ಚುನಾಯಿತರಾದ ಮೇಲೆ, ಜೂನ ತಿಂಗಳಲ್ಲಿ ಕಂಠಿಯವರು ಅಧಿಕಾರವನ್ನು ಅವರಿಗೆ ಒಪ್ಪಿಸಿದರು. ನೂರು ದಿನವೂ ತುಂಬದ ಆ ಆಡಳಿತವನ್ನು ಕೆಲವರು ಭರತನ ಪಾದುಕಾಪಟ್ಟಕ್ಕೆ ಹೋಲಿಸಬಹುದು, ಆದರೆ ಭೇದವೊಂದುಂಟು. ರಾಮನಿಗೆ ರಾಜ್ಯವು ಹುಟ್ಟಿನಿಂದ ಸಲ್ಲತಕ್ಕದ್ದು. ಇಲ್ಲಿ ಹಿರಿಯ ಮುಖಂಡರೂ ಪುನಃ ಮತದಾರನ ಬಾಗಿಲಿಗೆ ಬರಬೇಕಾಯಿತು.

ಸಭೆಯ ಕಾರ್ಯವು ಮಂದಗತಿಯದೆಂಬ ಆಕ್ಷೇಪವು ಸುಳ್ಳಲ್ಲ. ಗೇಣಿಯ ಪ್ರಶ್ನೆಯನ್ನು ವಿಚಾರಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರಾಗಿದ್ದರು. 1958ರಲ್ಲಿ ಅವರೇ ಮುಖ್ಯಮಂತ್ರಿಗಳೂ ಆದರು. ಹೀಗಿದ್ದೂ ಭೂಸುಧಾರಣೆಯ ಶಾಸನವು ಅಂಗೀಕೃತವಾದದ್ದು 1961ರಲ್ಲಿ, ಜಾರಿಗೆ ಬಂದದ್ದು 1965ರ ಅಕ್ಟೋಬರ 2ರಂದು. ಅಷ್ಟರಲ್ಲಿ ಉತ್ತು ಬಿತ್ತುವವನ ಎಷ್ಟೋ ಸುಗ್ಗಿಗಳು ಕಳೆದುಹೋದವು. ವಿಳಂಬದ ನಷ್ಟವನ್ನು ಬಡವನೇ ಹೊರುವನೆಂಬುದನ್ನು ಸಭೆಯಲ್ಲಿ ಕುಳಿತವರು ಮರೆಯಲಾಗದು.

ಆದರೆ ಸಂಸ್ಥಾನದ ಕಾಲದಲ್ಲಿ ಪ್ರಜೆಯು ಅರಸನ ಕೃಪೆಯನ್ನು ಬೇಡುತ್ತಿದ್ದನು. ಈಗ ಆಳುವವನೇ ಐದು ವರ್ಷಕ್ಕೊಮ್ಮೆ ಗಲಗಲಿಯ ಓಣಿಗೆ ಬಂದು ಬೇಡಬೇಕಾಗಿದೆ. ಬೇಡಿಸಿಕೊಳ್ಳುವವನು ಆ ದಿನ ಲೆಕ್ಕ ಕೇಳುವದನ್ನು ಮಾತ್ರ ಮರೆಯತಕ್ಕದ್ದಲ್ಲ.